ಕರಡಿ ಹೆಸರಿನ ಫೋಲ್ಡರ್

ಗುರುವಾರ, ಲಿಫ್ಟಿನ ಒಳಗಿನಿಂದ

ಕರಡಿಗೆ,

ನಾನಿಲ್ಲಿ ಕ್ಷೇಮ ಎಂದು ಬರೆದು ಹೊಡೆದುಹಾಕಿದ್ದೇನೆ, ನೋಡು. ನೀನು ಹೋದ ಎಂಟು ತಿಂಗಳಲ್ಲಿ ಬರೆಯುತ್ತಿರುವ ಮೊದಲ ಕಾಗದ. ಸುಳ್ಳಿನಿಂದ ಶುರುವಾಗುವುದು ಬೇಡ ಅನ್ನಿಸಿತು. ಸಿಟ್ಟಿನಲ್ಲಿರುವ ಹೆಂಡತಿ ಗಂಡನಿಗೆ ಬರೆಯುವಾಗ ಪೂರ್ತಿ ಹೆಸರು ಹಿಡಿದು ಬರೆಯಬೇಕು, ಗೊತ್ತು. ಈ ಹೆಸರಿನಿಂದ ನಿನ್ನನ್ನು ಇನ್ನೆಂದೂ ಕರೆಯುವುದಿಲ್ಲ ಎಂದೂ ಅಂದುಕೊಂಡಿದ್ದೆ. ಆದರೆ ಇವತ್ತು ಬೆಳಿಗ್ಗೆಯಿಂದ ನನ್ನ ನಾಲಿಗೆಯ ತುದಿಗೆ ಬಂದು ಕೂತಿರುವುದು ಅದೊಂದೇ ಹೆಸರು. ಯಾಕೆಂದು ಹೇಳುತ್ತೇನೆ. ಪುರುಸೊತ್ತು ಬೇಕಾದಷ್ಟಿದೆ.

ನಾನೀಗ ನಮ್ಮ ಕಂಪನಿಯ ಟೆಸ್ಟ್ ಟವರಿನಲ್ಲಿ, ಎರಡನೆಯ ಲಿಫ್ಟಿನಲ್ಲಿ, ನಾಲ್ಕನೆಯ ಮಹಡಿಗೂ ಐದನೆಯದಕ್ಕೂ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ತಮಾಷೆಯಲ್ಲ. ಎದುರಿಗೆ ಬಾಗಿಲಿದೆ, ಬಾಗಿಲಾಚೆ ಬರೀ ಗೋಡೆ. ಮಹಡಿಯ ಸಂಖ್ಯೆ ಬರುವ ಕಡೆ ಒಂದು ಪುಟ್ಟ ಕೆಂಪು ಗೆರೆ ಮಿಣುಕುತ್ತಿದೆ. ದೀಪ ಅರ್ಧ ಉರಿಯುತ್ತಿದೆ, ಫ್ಯಾನ್ ನಿಂತಿದೆ. ಫೋನನ್ನು ಮೇಜಿನ ಮೇಲೆ ಬಿಟ್ಟು ಬಂದೆ. ತಂದಿದ್ದರೂ ಈ ಬಾವಿಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಭಾರದ ಪರೀಕ್ಷೆಗೆಂದು ಒಳಗೆ ಪೇರಿಸಿಟ್ಟ ಕಬ್ಬಿಣದ ತೂಕದ ಕಲ್ಲುಗಳಿವೆಯಲ್ಲ, ಅವುಗಳ ಮೇಲೆ ಕೂತಿದ್ದೇನೆ. ತಪಾಸಣೆ ಹಾಳೆಗಳ ಬೆನ್ನಿನಲ್ಲಿ, ಗೋಡೆಗೆ ಗುರುತು ಹಾಕುವ ದಪ್ಪ ಪೆನ್ಸಿಲಿನಿಂದ ಬರೆಯುತ್ತಿದ್ದೇನೆ. ಅಕ್ಷರ ಒಂದೊಂದೂ ಎಮ್ಮೆಯಷ್ಟು ದೊಡ್ಡದು ಬರುತ್ತಿದೆ, ಸಹಿಸಿಕೋ.

ಹೊರಗಿನವರ ಜೊತೆ ಮಾತಾಡಲು ಬಟನುಗಳ ಪಕ್ಕದಲ್ಲಿ ಇಂಟರ್‌ಕಾಮ್ ಒಂದಿದೆ. ಅದರಾಚೆ, ಮೇಲಿನ ಮೆಷಿನ್ ರೂಮಿನಲ್ಲಿ, ಇರುವವರು ನಮ್ಮ ಹಳೇ ಮೆಕ್ಯಾನಿಕ್, ಹುಬ್ಬಿನವರೆಗೂ ಟೋಪಿ ಎಳೆದುಕೊಂಡು ನಿನ್ನನ್ನು ಕಂಡರೆ ಬಾಯ್ತುಂಬ ನಗುತ್ತಿದ್ದರಲ್ಲ, ಅವರೇ. ಬ್ರೇಕನ್ನು ಕೈಯಿಂದ ಬಿಡಿಸಿ ಲಿಫ್ಟನ್ನು ಮಹಡಿಗೆ ತರುವ ಹಿಡಿಕೆಯನ್ನು ಮೊನ್ನೆ ಬೇರೆ ಕಟ್ಟಡದ ಕೆಲಸಕ್ಕೆ ಒಯ್ದಿದ್ದಾರಂತೆ. ತರಲು ಜನ ಹೋಗಿದ್ದಾರೆ, ಸಂಜೆಯಾಗಬಹುದಂತೆ. "ಹೆದರ್ಕೋಬೇಡಿ ಮೇಡಂ, ಹಗ್ಗ ಗಟ್ಟಿಯಾಗಿದೆ, ಬೀಳಲ್ಲ" ಎಂದು ಆಗಾಗ ಧೈರ್ಯ ಹೇಳುತ್ತಾರೆ. ಬೀಳುವ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ. ಅವರು ಹೇಳಿದ ಮೇಲೆ ಬಂತು.

"ಏನಾಯ್ತು ಮೇಡಂ, ಹೊಸ ಬೋರ್ಡ್ ಕೈಕೊಡ್ತಾ?" ಎಂದು ಕೇಳಿದರು. ಬೋರ್ಡಿನದೇನೂ ತಪ್ಪಿಲ್ಲ ಎಂದೆ. "ಹಂಗಾದ್ರೆ ಹಳೇ ಕಾರ್ಡ್ ಹಾಕ್ಲಾ?" ಎಂದರು. ಹಳೆಯ ಮೆಮೊರಿ ಕಾರ್ಡಿನಲ್ಲಿರುವ ಪ್ರೋಗ್ರಾಮು ಹೊಸ ಬೋರ್ಡಿಗೆ ಒಂದಕ್ಷರವೂ ಅರ್ಥವಾಗದು ಎಂದೆ. ಮತ್ತೆ ಆಗಿದ್ದಾದರೂ ಏನು ಎಂದು ಬಿಡದೆ ಕೇಳಿದರು. ನೀನಾಗಿದ್ದರೆ ನಕ್ಕು ಮಾತು ಹಾರಿಸುತ್ತಿದ್ದೆ. ನಾನು ಪಾಠವನ್ನೇ ಶುರುಮಾಡಿದೆ, ಹೊತ್ತು ಹೋಗಬೇಕಲ್ಲ.

ನಾವು ಪ್ರೋಗ್ರಾಮ್ ಕಟ್ಟುವುದು ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನಲ್ಲಿ, ಅದು ಓಡಬೇಕಾದದ್ದು ಲಿಫ್ಟನ್ನು ನಡೆಸುವ ಅಂಗೈಯಗಲದ ಬೋರ್ಡಿನಲ್ಲಿ ಎಂದು ಹೇಳಿದೆ. ಒಂದು ಮನೆಯಲ್ಲಿ ಅಡುಗೆ ಮಾಡಿ ಇನ್ನೊಂದು ಮನೆಯಲ್ಲಿ ಬಡಿಸಿದ ಹಾಗೆ. ಬಾಗಿಲು ತೆಗೆಯುವುದು, ವೇಗ ತಗ್ಗಿಸುವುದು, ಮಹಡಿಗೆ ಸಮನಾಗಿ ನಿಲ್ಲಿಸುವುದು, ಇಂಥ ಒಂದೊಂದು ಕೆಲಸಕ್ಕೂ ಪ್ರೋಗ್ರಾಮು ಬೇರೆ ಬೇರೆ ಸಹಾಯಕ ತುಣುಕುಗಳನ್ನು ಕರೆಯುತ್ತದೆ. ಆ ತುಣುಕುಗಳಿಗೆ ಲೈಬ್ರರಿ ಅನ್ನುತ್ತೇವೆ. ಯಾವ ಲೈಬ್ರರಿ ಯಾವ ಫೋಲ್ಡರಿನಲ್ಲಿ ಸಿಗುತ್ತದೆ ಎಂದು ಪ್ರೋಗ್ರಾಮಿನ ಹೊಟ್ಟೆಯೊಳಗೆ ವಿಳಾಸ ಬರೆದಿಟ್ಟಿರುತ್ತದೆ. ಅಡುಗೆ ಮಾಡಿದವನು ತನ್ನ ಮನೆಯ ಕಪಾಟಿನ ವಿಳಾಸವನ್ನೇ ಬರೆದುಬಿಟ್ಟರೆ, ಬಡಿಸುವ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿಂದ ಸಿಗಬೇಕು?

"ಅಯ್ಯೋ, ಅಂಥಾ ಕೆಲ್ಸ ಮಾಡಿದ್ಯಾರು ಮೇಡಂ?" ಎಂದರು.

ನಾನು ಇಂಟರ್‌ಕಾಮಿನ ಬಟನ್ ಬಿಟ್ಟುಬಿಟ್ಟೆ.

ಮಾಡಿದವನು ನೀನು. ಆ ಫೋಲ್ಡರಿಗೆ ಹೆಸರಿಡುವಾಗ ನಮಗಿನ್ನೂ ಮದುವೆಯಾಗಿರಲಿಲ್ಲ. ನಿನ್ನ ಮುಂಗೈ ತುಂಬ ಇರುವ ಕೂದಲು ನೋಡಿ ನಾನು ಕರಡಿ ಎಂದು ಕರೆಯಲು ಶುರುಮಾಡಿದ ಹೊಸತು. ಬೋರ್ಡಿಗೆ ಬೇಕಾದ ಲೈಬ್ರರಿಗಳನ್ನೆಲ್ಲ ತುಂಬಿಟ್ಟ ಫೋಲ್ಡರಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ಹೆಸರು ಕಂಡು, ಅಷ್ಟು ಜನರ ನಡುವೆ ಕೂತಿದ್ದ ನನ್ನ ಕಿವಿ ಬಿಸಿಯಾಗಿತ್ತು. ಯಾರಿಗೂ ತಿಳಿಯಲಿಲ್ಲ. ಮ್ಯಾನೇಜರಂತೂ ಅದು ಯಾವುದೋ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೆಂದು ಗ್ರಾಹಕರಿಗೆ ಬಿಡಿಸಿ ವಿವರಿಸಿಯೂ ಬಿಟ್ಟರು. ಅವತ್ತು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತುಟಿ ಕಚ್ಚಿಕೊಂಡು ಕೂತದ್ದು ನಿನಗೂ ನೆನಪಿರಬೇಕು.

ಆಮೇಲೆ ಬೋರ್ಡುಗಳು ಆ ವಿಳಾಸ ಹುಡುಕಿ, ಸಿಗದೆ ನಿಲ್ಲತೊಡಗಿದವು. ನೀನು ವಿಳಾಸ ತಿದ್ದಲಿಲ್ಲ. ಪ್ರತಿ ಬೋರ್ಡಿನ ಕಾರ್ಡಿನಲ್ಲೂ ಅದೇ ಹೆಸರಿನ ಫೋಲ್ಡರ್ ಮಾಡಿ ಲೈಬ್ರರಿ ಅದರೊಳಗೆ ಹಾಕಿ ಕೈತೊಳೆದುಕೊಂಡೆ. "ನಡೀತಲ್ಲ, ಬಿಡೇ" ಎಂದೆ. ಹಾಗೆ ಈ ಊರಿನ ಎಷ್ಟೋ ಕಟ್ಟಡಗಳ ಲಿಫ್ಟುಗಳಲ್ಲಿ ನಾನಿಟ್ಟ ಮುದ್ದಿನ ಹೆಸರು ಯಾರ ಕಣ್ಣಿಗೂ ಬೀಳದೆ ಕೂತಿದೆ. ಜನ ಸಾಮಾನು ಹಿಡಿದು ಹತ್ತುತ್ತಾರೆ, ಇಳಿಯುತ್ತಾರೆ. ಒಂದು ಕಾಲಕ್ಕೆ ಅದನ್ನು ನೆನೆದು ಯಾವುದೋ ಲಿಫ್ಟಿನಲ್ಲಿ ನಿಂತು ಒಬ್ಬಳೇ ನಗುತ್ತಿದ್ದೆ. ಪಕ್ಕದವರು ನನ್ನಿಂದ ಒಂದು ಹೆಜ್ಜೆ ದೂರ ಸರಿದು ನಿಲ್ಲುತ್ತಿದ್ದರು.

ಹೋದ ವರ್ಷ ಆ ದೊಡ್ಡ ಅಪಾರ್ಟ್‌ಮೆಂಟಿನ ಕಾರ್ಡುಗಳನ್ನು ಮಾಡಿದವಳು ನಾನು. ಫೋಲ್ಡರ್ ಹಾಕುವುದೊಂದು ಉಳಿದಿತ್ತು. "ಅದೊಂದು ನಾನು ನೋಡ್ಕೋತೀನಿ, ನೀನು ಮನೆಗೆ ಹೋಗು, ಅಮ್ಮ ಒಬ್ಳೇ ಇದಾಳೆ" ಎಂದವನು ನೀನು. ಮರೆತೆ. ಗೃಹಪ್ರವೇಶಕ್ಕೆ ಬಂದವರ ಮುಂದೆಯೇ ಲಿಫ್ಟುಗಳೆಲ್ಲ ಒಟ್ಟಿಗೆ ನಿಂತವು. ಮಂಡಿನೋವಿನ ಮುದುಕರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ಮೀಟಿಂಗಿನಲ್ಲಿ ಮ್ಯಾನೇಜರು ಕಾರ್ಡ್ ಮಾಡಿದ್ದು ಯಾರು ಎಂದು ಕೇಳಿದರು. ನಾನು ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ನೀನು ಪಕ್ಕದಲ್ಲೇ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದೆ.

ನಾನೇ ಬಾಯಿ ಬಿಟ್ಟಿದ್ದರೆ ಹೆಂಡತಿಯೇ ಗಂಡನ ತಲೆಗೆ ಕಟ್ಟಿದಳು ಎಂದಾಗುತ್ತಿತ್ತು. ಮನೆಜಗಳವನ್ನು ಆಫೀಸಿಗೆ ತಂದಳು ಎನ್ನುತ್ತಿದ್ದರು. ನೀನಾಗಿಯೇ ಹೇಳುತ್ತೀಯ ಎಂದು ಕಾದೆ. ಮನೆಗೆ ಹೋಗುವ ದಾರಿಯಲ್ಲಾದರೂ, ನನಗೊಬ್ಬಳಿಗಾದರೂ ಒಂದು ಮಾತು ಹೇಳುತ್ತೀಯ ಎಂದುಕೊಂಡೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಹಳ ಹೊತ್ತು ಹೊರಗೆ ನೋಡಿ ನೀನು ಕೇಳಿದ್ದು ಮನೆಯಲ್ಲಿ ಟೊಮೇಟೊ ಇದೆಯಾ ಎಂದು. ಇದೆ ಎಂದೆ.

ನನ್ನನ್ನು ಕಾಗದಪತ್ರ ನೋಡುವ ಮೇಜಿಗೆ ಹಾಕಿದರು. ನಿನಗೆ ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಹೊರಟಾಗ ನಾನು ಬರುವುದಿಲ್ಲ ಎಂದೆ. ಯಾಕೆಂದು ನೀನು ಕೇಳಲಿಲ್ಲ, ಅದೇ ನನಗೆ ಉತ್ತರವಾಯಿತು. ನೀನು ಹೋದ ಮೇಲೆ ನಿನ್ನ ಕೆಲಸದ ತಲೆಬುಡ ಗೊತ್ತಿರುವವಳು ನಾನೊಬ್ಬಳೇ ಎಂದು ಮ್ಯಾನೇಜರಿಗೆ ಜ್ಞಾನೋದಯವಾಗಿ, ಹೊಸ ಬೋರ್ಡಿನ ಕೆಲಸ ಪೂರ್ತಿ ನನ್ನ ಕೊರಳಿಗೆ ಬಂತು. ರಜೆ ಕೇಳಿದರೆ ಇಲ್ಲ. ಕೆಲಸ ಬಿಡುತ್ತೇನೆ ಎಂದರೆ ಈ ಬೋರ್ಡ್ ಮುಗಿಯಲಿ ಎನ್ನುತ್ತಾರೆ. ಆದರೂ ಮೀಟಿಂಗಿನಲ್ಲಿ ನಾನು ಏನು ಹೇಳಿದರೂ ಒಬ್ಬರಾದರೂ "ಒಂದ್ಸಲ ಚೆಕ್ ಮಾಡ್ಕೊಳ್ಳಿ ಮೇಡಂ, ಆ ಅಪಾರ್ಟ್‌ಮೆಂಟ್ ಥರ ಆಗ್ಬಾರ್ದಲ್ಲ" ಎನ್ನುತ್ತಾರೆ. ನಗುತ್ತಲೇ ಎನ್ನುತ್ತಾರೆ.

ಮನೆಯಲ್ಲಿ ಅತ್ತೆ. ನಾವು ಬೇರೆಯಾದದ್ದನ್ನು ನಿನ್ನ ತಾಯಿಗೆ ಇಬ್ಬರೂ ಇನ್ನೂ ಹೇಳಿಲ್ಲವಲ್ಲ. ನೀನು ವಾರಕ್ಕೊಮ್ಮೆ ಫೋನ್ ಮಾಡಿ ಕೆಲಸ ಜಾಸ್ತಿ ಎನ್ನುತ್ತೀಯ, ನಾನು ಪಕ್ಕದಲ್ಲಿ ನಿಂತು ಹೌದು ಎಂದು ತಲೆಯಾಡಿಸುತ್ತೇನೆ. "ಇಷ್ಟು ತಿಂಗಳಾದ್ರೂ ಮನೆಗೆ ಕಳ್ಸಲ್ಲ ಅಂದ್ರೆ ಅದೇನು ಆಫೀಸೋ ಜೈಲೋ" ಎಂದು ನಿನ್ನ ಹೊಸ ಕಂಪನಿಗೆ ದಿನಾ ಶಾಪ ಹಾಕುತ್ತಾರೆ. ನಾನು ಊಟ ಕಡಿಮೆ ಮಾಡಿದರೆ ಮಗನ ಯೋಚನೆಯಲ್ಲಿದ್ದಾಳೆ ಎಂದು ತಮ್ಮ ತಟ್ಟೆಯದನ್ನೂ ನನಗೇ ಬಡಿಸುತ್ತಾರೆ. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಇದರ ಮಧ್ಯೆ ಸೋಮವಾರ ನಿನ್ನ ಕಾಗದ ಬಂತು. ಮ್ಯಾನೇಜರು ಹೊಸ ಬೋರ್ಡಿನ ಉಸ್ತುವಾರಿಗೆ ನಿನ್ನನ್ನು ವಾಪಸ್ಸು ಕರೆಯುತ್ತಿದ್ದಾರೆ ಎಂದು ಬರೆದಿದ್ದೀಯ. ನೀನು ಬಾ ಅಂದರೆ ಕೆಲಸಕ್ಕೂ ಬರುತ್ತೇನೆ, ಮನೆಗೂ ಬರುತ್ತೇನೆ. ಬೇಡ ಅಂದರೆ ಎರಡಕ್ಕೂ ಇಲ್ಲ, ಯೋಚಿಸಿ ಉತ್ತರ ಕೊಡು ಎಂದಿದ್ದೀಯ. ಭೇಷ್. ಎಲ್ಲವನ್ನೂ ತಂದು ನನ್ನ ಮಡಿಲಿಗೆ ಸುರಿದು ನೀನು ಕೈಕಟ್ಟಿ ಕೂತೆ. ಆ ಕಾಗದ ನಾಲ್ಕು ದಿನದಿಂದ ನನ್ನ ಚೀಲದಲ್ಲಿ ಓಡಾಡುತ್ತಿದೆ. ಈಗಲೂ ಇಲ್ಲೇ, ನನ್ನ ಜೊತೆ ಸಿಕ್ಕಿಹಾಕಿಕೊಂಡಿದೆ.

ಈಗ ಲಿಫ್ಟ್ ಯಾಕೆ ನಿಂತಿತು ಕೇಳು. ಹೊಸ ಬೋರ್ಡಿಗೆಂದು ಎಲ್ಲವನ್ನೂ ಬುಡದಿಂದ ಕಟ್ಟಿದೆ. ನಿನ್ನ ಫೋಲ್ಡರಿನಲ್ಲಿದ್ದ ಲೈಬ್ರರಿಗಳನ್ನು ಸರಿಯಾದ ಜಾಗಕ್ಕೆ ತಂದೆ. ನಮ್ಮ ಕಂಪ್ಯೂಟರಿನ ಸ್ವಂತ ಲೈಬ್ರರಿಗಳು ಹತ್ತಿರ ಸಿಕ್ಕವೆಂದು ಬೋರ್ಡಿನ ಪ್ರೋಗ್ರಾಮಿಗೆ ಅಂಟಿಕೊಳ್ಳುತ್ತಿದ್ದ ಪೀಡೆಯನ್ನೂ ತಡೆದೆ. ಇನ್ನು ಬೋರ್ಡಿನವು ಬಿಟ್ಟು ಬೇರೆ ಕಡೆ ಅದು ಕಣ್ಣೆತ್ತಿ ನೋಡುವ ಹಾಗಿಲ್ಲ. ಮತ್ತು ಒಂದೊಂದೇ ವಿಳಾಸ ಹಿಡಿದು ನಿನ್ನ ಹೆಸರನ್ನು ಕೆರೆದು ತೆಗೆದೆ. ತೆಗೆದಷ್ಟೂ ಎದೆ ಹಗುರಾಯಿತು. ಒಂದು ಮಾತ್ರ ಕಣ್ತಪ್ಪಿ ಉಳಿಯಿತು, ಮಹಡಿ ಹತ್ತಿರ ಬಂದಾಗ ವೇಗ ತಗ್ಗಿಸುವ ಲೈಬ್ರರಿಯ ವಿಳಾಸ.

ಮೇಜಿನ ಮೇಲೆ ಪರೀಕ್ಷೆ ಮಾಡಿದಾಗ ಅದು ಗೊತ್ತಾಗಲೇ ಇಲ್ಲ. ಮೇಜಿನ ಬೋರ್ಡು ಫೈಲುಗಳನ್ನು ಕಾರ್ಡಿನಿಂದಲ್ಲ, ವೈರಿನ ಮೂಲಕ ನಮ್ಮ ದೊಡ್ಡ ಕಂಪ್ಯೂಟರಿನಿಂದಲೇ ತೆಗೆದುಕೊಳ್ಳುತ್ತದಲ್ಲ. ಅಲ್ಲಿ ನಿನ್ನ ಫೋಲ್ಡರ್ ಇನ್ನೂ ಹಾಗೇ ಇದೆ. ಎಷ್ಟು ಸಲ ಓಡಿಸಿದರೂ ಹೂವೆತ್ತಿದ ಹಾಗೆ ಓಡಿತು. ಇವತ್ತು ಬೆಳಿಗ್ಗೆ ಹೊಸ ಕಾರ್ಡ್ ಹಾಕಿಸಿ, ಮೊದಲ ಸವಾರಿ ನನ್ನದೇ ಆಗಲಿ ಎಂದು ಹತ್ತಿ ಐದನೆಯ ಮಹಡಿಯ ಬಟನ್ ಒತ್ತಿದೆ. ಐದು ಬರುತ್ತಿದ್ದ ಹಾಗೆ ಪ್ರೋಗ್ರಾಮು ಆ ಲೈಬ್ರರಿಯನ್ನು ಹುಡುಕಿಕೊಂಡು ಕರಡಿ ಎಂಬ ಫೋಲ್ಡರಿಗೆ ಹೋಯಿತು. ಈ ಕಾರ್ಡಿನಲ್ಲಿ ಅಂಥ ಫೋಲ್ಡರೇ ಇಲ್ಲ. ಪ್ರೋಗ್ರಾಮ್ ನಿಂತಿತು, ಬ್ರೇಕ್ ಕಚ್ಚಿಕೊಂಡಿತು. ಸದ್ದು ಕೇಳಿದ ಕೂಡಲೇ ಏನಾಯಿತೆಂದು ನನಗೆ ಗೊತ್ತಾಯಿತು.

ಬಿಡಿಸಿಕೊಳ್ಳುವುದು ಎಷ್ಟು ಸುಲಭ ಗೊತ್ತಾ? ಮೇಲಿನ ಪೆಟ್ಟಿಗೆಯಲ್ಲಿರುವ ಬೋರ್ಡಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಕರಡಿ ಎಂಬ ಹೆಸರನ್ನು ಲೈಬ್ರರಿಗಳ ಹೊಸ ಜಾಗಕ್ಕೆ ಕೊಂಡಿ ಹಾಕಿದರೆ ಸಾಕು. ಒಂದೇ ಸಾಲು. ಆದರೆ ಅದನ್ನು ಹೇಳಿದ ತಕ್ಷಣ ಮ್ಯಾನೇಜರು, ಈ ಹೆಸರು ಯಾರಿಟ್ಟದ್ದು, ಆ ಅಪಾರ್ಟ್‌ಮೆಂಟಿನಲ್ಲಿ ಆದದ್ದೂ ಇದೇನಾ ಎಂದು ಕೇಳದೆ ಬಿಡುವುದಿಲ್ಲ. ಆಗ ನೀನು ವಾಪಸ್ಸು ಬರುವ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಹೇಳದಿದ್ದರೆ ನಾನು ಸಂಜೆಯವರೆಗೆ ಇಲ್ಲಿ ಬೇಯಬೇಕು, ನಾಳೆ ಮತ್ತೆ ಎಲ್ಲರ ಬಾಯಲ್ಲೂ "ಇವಳೇ" ಆಗಬೇಕು. ನಾನು ಹೇಳಿಲ್ಲ. ನಿನ್ನನ್ನು ಕಾಯುವುದು ನನಗೆ ಯಾವ ಕರ್ಮವೋ ಗೊತ್ತಿಲ್ಲ, ಆದರೂ ಹೇಳಿಲ್ಲ.

ಸ್ವಲ್ಪ ಹೊತ್ತು ಬರೆಯುವುದು ನಿಲ್ಲಿಸಿದ್ದೆ. ಪೆನ್ಸಿಲ್ ಮೊಂಡಾಗಿತ್ತು, ತೂಕದ ಕಲ್ಲಿಗೆ ಉಜ್ಜಿ ಚೂಪು ಮಾಡಿದೆ. ಒಳಗೆ ಗ್ರೀಸಿನ ವಾಸನೆ ಮೂಗಿಗೆ ಅಡರುತ್ತಿದೆ. ಕುಪ್ಪಸ ಬೆನ್ನಿಗೆ ಅಂಟಿದೆ. ಬೆಳಿಗ್ಗೆ ಖುಷಿಯಲ್ಲಿ ಎರಡೆರಡು ಲೋಟ ಟೀ ಕುಡಿದು ಬಂದೆ, ಅದರ ಫಲ ಈಗ ಉಣ್ಣುತ್ತಿದ್ದೇನೆ. ಕಾಲಮೇಲೆ ಕಾಲು ಹಾಕಿ ಕೂತಿದ್ದೇನೆ, ಹೆಚ್ಚು ಬಿಡಿಸಿ ಬರೆಯುವುದಿಲ್ಲ. ಎದ್ದರೆ ನಾಲ್ಕು ಹೆಜ್ಜೆಗೆ ಗೋಡೆ. ಬಾಗಿಲಿನ ಸಂದಿಗೆ ಮೂಗಿಟ್ಟು ಗಾಳಿ ಎಳೆದುಕೊಂಡರೆ ಸಿಮೆಂಟಿನ ಪುಡಿ ಬರುತ್ತದೆ. ಉಸಿರು ಕಟ್ಟಿದ ಹಾಗಾಗುತ್ತದೆ ಕಣೋ. ಗಾಳಿ ಇದೆ ಎಂದು ಗೊತ್ತಿದ್ದರೂ ಆಗುತ್ತದೆ.

ಒಂದು ಸಲ ಅತ್ತೂಬಿಟ್ಟೆ. ಯಾರಿಗೂ ಕೇಳದು ಎಂದುಕೊಂಡಿದ್ದೆ. ನನ್ನ ಭುಜ ಇಂಟರ್‌ಕಾಮಿನ ಬಟನ್ ಮೇಲೆ ಒರಗಿತ್ತಂತೆ. "ಮೇಡಂ, ಅಳ್ಬೇಡಿ, ಹಿಡಿಕೆ ತರೋರು ಅರ್ಧ ದಾರಿಗೆ ಬಂದ್ರು" ಎಂದು ಮೆಕ್ಯಾನಿಕ್ಕು ಹೇಳಿದಾಗ ನಾಚಿಕೆಯಿಂದ ನೆಲಕ್ಕಿಳಿದು ಹೋಗುವ ಹಾಗಾಯಿತು. ಇಳಿಯುವುದಂತೂ ಆಗದಲ್ಲ. ಅರ್ಧ ದಾರಿ ಎಂದದ್ದು ಸುಳ್ಳೆಂದು ಅವರ ದನಿಯಲ್ಲೇ ತಿಳಿಯಿತು.

ಮ್ಯಾನೇಜರೇ ಬಂದಿದ್ದಾರೆ ಈಗ. "ಏನಮ್ಮಾ ಸಮಸ್ಯೆ?" ಎಂದರು. ನೋಡುತ್ತಿದ್ದೇನೆ ಸರ್ ಎಂದೆ. "ಒಳಗೆ ಕೂತ್ಕೊಂಡು ಏನು ನೋಡ್ತಿದೀರ?" ಎಂದರು. ನ್ಯಾಯವಾದ ಪ್ರಶ್ನೆಯೇ. ಗೋಡೆ ಎನ್ನೋಣ ಅನ್ನಿಸಿತು, ಸುಮ್ಮನಾದೆ.

ಈಗ ಹೊರಗಿದ್ದೇನೆ. ಐದನೆಯ ಮಹಡಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮುಖ ತೊಳೆದುಕೊಂಡು ಬಂದೆ, ಮುಖ್ಯವಾದ ಕೆಲಸವನ್ನೂ ಮುಗಿಸಿಕೊಂಡು ಬಂದೆ. ಹಿಡಿಕೆ ಇನ್ನೂ ಬಂದಿಲ್ಲ. ನಾನು ಹೇಳಿಬಿಟ್ಟೆ.

ಹೇಳಿದ್ದು ಒಳ್ಳೆಯತನದಿಂದಲ್ಲ, ಉರಿಯಿಂದ. ಮ್ಯಾನೇಜರು ನನ್ನ ಸುಮ್ಮನಿರುವಿಕೆಗೆ ಬೇಸತ್ತು, "ನಿಮ್ಮ ಯಜಮಾನ್ರಿಗೇ ಫೋನ್ ಹಾಕ್ತೀನಿ ಬಿಡಿ, ಅವ್ರಾದ್ರೆ ಕೂತಲ್ಲೇ ಹೇಳ್ತಾರೆ" ಎಂದರು. ನನಗೆ ಎಲ್ಲಿಂದ ಬಂತೋ ಸಿಟ್ಟು. ನೀನು ದೂರದಲ್ಲಿ ಕುರ್ಚಿಯಲ್ಲಿ ಕೂತು, ಒಂದು ಸಾಲು ಹೇಳಿ, ನನ್ನನ್ನು ಬಿಡಿಸಿದ ಮಹಾಪುರುಷನಾಗುವುದು! ನಾನು ಒಳಗೆ ಕೂತು ಬೆವರು ಒರೆಸಿಕೊಂಡದ್ದು ಅದಕ್ಕಾ? "ಯಾರಿಗೂ ಫೋನ್ ಮಾಡ್ಬೇಡಿ ಸರ್. ಲ್ಯಾಪ್‌ಟಾಪ್ ಸಿಕ್ಸಿ. ನಾನು ಹೇಳಿದ್ದನ್ನ ಟೈಪ್ ಮಾಡಿ" ಎಂದು ಕೂಗಿದೆ.

ಅವರು ಕೀಬೋರ್ಡ್ ಮುಟ್ಟಿ ಎಷ್ಟು ವರ್ಷವಾಗಿತ್ತೋ. ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಬೇಕಾಯಿತು. ಓರೆಗೆರೆಯ ಕೀ ಎಲ್ಲಿದೆ ಎಂದು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಹೆಸರಿನ ಹತ್ತಿರ ಬಂದಾಗ ನಾನು ಕಣ್ಣು ಮುಚ್ಚಿಕೊಂಡು ಕರಡಿ ಎಂದೆ. "ಕರಡಿ? ಕಾಡಿನ ಕರಡೀನಾ?" ಎಂದು ಮೆಕ್ಯಾನಿಕ್ಕು ಹಿಂದಿನಿಂದ ಕೇಳಿದರು. ಹೌದು, ಅದೇ ಎಂದೆ. ಮೇಲೆ ಕೀ ಒತ್ತಿದ ಸದ್ದಾಯಿತು. ಆಮೇಲೆ ದೀಪ ಪೂರ್ತಿ ಹತ್ತಿತು, ಫ್ಯಾನ್ ತಿರುಗಿತು, ಲಿಫ್ಟ್ ಒಮ್ಮೆ ಕುಲುಕಿ ಮೆಲ್ಲಗೆ ಮೇಲೆದ್ದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಐದನೆಯ ಮಹಡಿಗೆ ನಿಂತಿತು. ವೇಗ ತಗ್ಗಿಸುವುದನ್ನು ನೀನು ಚೆನ್ನಾಗಿಯೇ ಬರೆದಿದ್ದೀಯ, ಅದನ್ನು ಒಪ್ಪಲೇಬೇಕು.

ಮ್ಯಾನೇಜರು ಇಳಿದು ಬಂದು ಮೆಕ್ಯಾನಿಕ್ಕನ್ನು ಟೀ ತರಲು ಕಳಿಸಿದರು. ನಾನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ, ಅಪಾರ್ಟ್‌ಮೆಂಟಿನದನ್ನೂ. ನಿನ್ನ ಕೆಲಸ ಕಳೆಯುತ್ತಿದ್ದೇನೆ, ಮನೆಗೆ ಬರುವ ದಾರಿಯನ್ನೂ ನಾನೇ ಮುಚ್ಚುತ್ತಿದ್ದೇನೆ ಎಂದುಕೊಂಡೇ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ನಂಗೊತ್ತಿತ್ತಮ್ಮ" ಎಂದರು. "ಅವ್ನು ಅವತ್ತೇ ಸಂಜೆ ನನ್ನ ರೂಮಿಗೆ ಬಂದು ಹೇಳ್ದ. ತಪ್ಪು ನಂದು, ಅವಳದಲ್ಲ ಅಂದ. ನಾನೇ ಬೇಡ ಅಂದೆ. ಗ್ರಾಹಕರಿಗೆ ಅಷ್ಟ್ರಲ್ಲಿ ನಿಮ್ಮ ಹೆಸರು ಹೋಗಿತ್ತು. ಮತ್ತೆ ಇನ್ನೊಂದು ಹೆಸರು ಹೇಳಿದ್ರೆ ಕಂಪನಿ ಮರ್ಯಾದೆ ಏನಾಗ್ಬೇಕು? ಗಂಡ ಹೆಂಡ್ತಿ ಇಬ್ರ ಹೆಸ್ರೂ ಕೆಡೋದು ಬೇಡ, ಒಬ್ರದೇ ಇರ್ಲಿ ಅಂದೆ. ಒಪ್ಕೊಂಡ."

ಬಸ್ ಸ್ಟಾಪಿನಲ್ಲಿ ನನ್ನನ್ನು ನಿಲ್ಲಿಸಿ, ಟಿಫನ್ ಡಬ್ಬಿ ಮರೆತೆ ಎಂದು ಒಳಗೆ ಓಡಿದ್ದೆಯಲ್ಲ, ಆಗಲೇ ಇರಬೇಕು. ಆಮೇಲೆ ಬಂದು ಟೊಮೇಟೊ ಕೇಳಿದೆ.

ಒಂದು ವರ್ಷ ನಿನ್ನನ್ನು ಹೇಡಿ ಎಂದುಕೊಂಡಿದ್ದೆ. ಹೇಡಿಯನ್ನಾದರೂ ಕ್ಷಮಿಸುತ್ತಿದ್ದೆ, ಹೆದರುವವರನ್ನು ಕಂಡರೆ ನನಗೆ ಯಾವಾಗಲೂ ಕನಿಕರವೇ. ಆದರೆ ನಿನಗೆ ಬಾಯಿ ಇತ್ತು. ಅದು ಅವರ ಮುಂದೆ ತೆರೆಯಿತು, ನನ್ನ ಮುಂದೆ ತೆರೆಯಲಿಲ್ಲ. "ಹೇಳಿ ಬಂದೆ ಕಣೇ, ಅವ್ರು ಕೇಳ್ಲಿಲ್ಲ" ಎಂದು ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಅಂದಿದ್ದರೆ ಸಾಕಿತ್ತು. ಊರೆಲ್ಲ ಬೈದರೂ ನಗುತ್ತ ಹೊರುತ್ತಿದ್ದೆ. ನೀವಿಬ್ಬರು ಗಂಡಸರು ಒಂದು ರೂಮಿನಲ್ಲಿ ಕೂತು ಯಾರ ಹೆಸರು ಕೆಡಬೇಕು ಎಂದು ತೀರ್ಮಾನ ಮಾಡಿದಿರಿ, ಹೆಸರು ಯಾರದೋ ಅವಳನ್ನು ಮಾತ್ರ ಕೇಳಲಿಲ್ಲ.

ಇನ್ನೊಂದು ಮೀಟಿಂಗ್ ಕರೆದು ಎಲ್ಲರ ಮುಂದೆ ಇದನ್ನು ಹೇಳಬೇಕು ಎಂದು ಮ್ಯಾನೇಜರನ್ನು ಕೇಳಿದೆ. "ನೋಡೋಣ" ಎಂದರು. ಸದ್ಯಕ್ಕೆ ನಮ್ಮ ಮೂವರಲ್ಲೇ ಇರಲಿ, ಹೇಗೂ ಅವನು ಬರುತ್ತಿದ್ದಾನಲ್ಲ, ಬೋರ್ಡ್ ಮುಗಿಯಲಿ ಎಂದರು. ಲಿಫ್ಟಿನಿಂದ ಹೊರಗೆ ಬಂದೆ ಎಂದು ಮೇಲೆ ಬರೆದೆನಲ್ಲ, ಅದನ್ನು ಹೊಡೆದುಹಾಕಬೇಕೇನೋ.

ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಬರಬೇಡ. ಕೆಲಸಕ್ಕೂ ಬೇಡ, ಮನೆಗೂ ಬೇಡ. ಅತ್ತೆಗೆ ಈ ವಾರ ನಾನೇ ಹೇಳುತ್ತೇನೆ. ಅವರು ಇಲ್ಲೇ ಇರುತ್ತಾರೆ. ನಿನ್ನ ಹತ್ತಿರ ಬರುವುದಿಲ್ಲ ಎಂದೇ ನನ್ನ ಅಂದಾಜು. ಹೊಸ ಬೋರ್ಡನ್ನು ನಾನೊಬ್ಬಳೇ ಮುಗಿಸುತ್ತೇನೆ, ಮುಗಿಸಿ ಈ ಕೆಲಸ ಬಿಡುತ್ತೇನೆ. ನಿನ್ನ ಮೇಲೆ ನನಗೆ ಸಿಟ್ಟೂ ಉಳಿದಿಲ್ಲ.

ಇಂತಿ,
ನಿನ್ನ ತಾಯಿಯ ಸೊಸೆ

ತಾ.ಕ. ಒಂದು ಕಣ್ತಪ್ಪಿ ಉಳಿಯಿತು ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಹೋದ ವಾರ ಎಲ್ಲ ವಿಳಾಸಗಳನ್ನೂ ತೆರೆಯ ಮೇಲೆ ಸಾಲಾಗಿ ತೆಗೆಸಿ ನೋಡಿದಾಗ ವೇಗ ತಗ್ಗಿಸುವ ಲೈಬ್ರರಿಯ ಸಾಲಿನಲ್ಲಿ ಕರಡಿ ಕಂಡಿತ್ತು. ಅದೇ ಕೊನೆಯದು. ಅಳಿಸಲು ಕೈ ಬರಲಿಲ್ಲ. ಒಂದಾದರೂ ಇರಲಿ, ಯಾರಿಗೇನು ತೊಂದರೆ ಎಂದು ಕಂಪ್ಯೂಟರ್ ಆರಿಸಿ ಮನೆಗೆ ಹೋದೆ. ಹೊಸ ಕಾರ್ಡಿನಲ್ಲಿ ಅದಕ್ಕೆ ಜಾಗವನ್ನೇ ಮಾಡಿಲ್ಲ ಎಂಬುದು ಲಿಫ್ಟ್ ನಿಂತ ಮೇಲೆ ಹೊಳೆಯಿತು. ಸೋಮವಾರದೊಳಗೆ ಆ ಸಾಲು ತೆಗೆಯಲೇಬೇಕು ಎಂದು ಮ್ಯಾನೇಜರು ಹೇಳಿ ಹೋಗಿದ್ದಾರೆ. ಆಗಿನಿಂದ ಮೇಜಿಗೆ ಬಂದು ಅದರ ಮುಂದೆ ಕೂತಿದ್ದೇನೆ. ನನ್ನ ಕೈಯಲ್ಲಿ ಆಗುತ್ತಿಲ್ಲ. ನೀನೇ ಬಂದು ತೆಗೆ.